ಪಲ್ಟಣದ ತಾಯಂದಿರು

ಬೆಳಗಾವಿಗೆ ಹೋದಾಗಲೆಲ್ಲ ನಾವು ಇಳಿದುಕೊಳ್ಳುವುದು ಮಹಾಂತೇಶ ನಗರದ ಭಕ್ತರೊಬ್ಬರ ಮನೆಯಲ್ಲಿ. ಊರಿನ ಉತ್ತರಕ್ಕೆ, ಪುಣೆ-ಬೆಂಗಳೂರು ಹೆದ್ದಾರಿಯ ಮಗ್ಗುಲಲ್ಲಿ ಬೆಳೆದ ಬಡಾವಣೆಯಿದು. ಹಾಲಿನ ಡೇರಿ ಇಲ್ಲಿಯೇ ಇರುವುದರಿಂದ ನಸುಕಿನಲ್ಲಿಯೇ ವಾಹನಗಳ ಸದ್ದು ಕೇಳಿಸುತ್ತದೆ. ಆ ಸದ್ದಿಗೆ ಎದ್ದು ಇಷ್ಟಲಿಂಗ ಪೂಜೆಗೆ ಕೂಡುವುದು ನಮಗೆ ರೂಢಿಯಾಗಿಬಿಟ್ಟಿದೆ. ವಚನ ಪಿತಾಮಹ ಫ. ಗು. ಹಳಕಟ್ಟಿಯವರ ಹೆಸರಿನ ಭವನ ಇದೇ ನಗರದಲ್ಲಿದೆ. ಅತ್ತ ಶಿವಬಸವ ನಗರದ ಕಡೆಗೆ ಹೋದರೆ ನಾಗನೂರು ರುದ್ರಾಕ್ಷಿ ಮಠ. ಎಷ್ಟೋ ಬಡ ವಿದ್ಯಾರ್ಥಿಗಳಿಗೆ ಅನ್ನವಿಟ್ಟು ಅಕ್ಷರ ಕಲಿಸಿದ ಮಠ. ಶಿಕ್ಷಕರು, ಬ್ಯಾಂಕಿನವರು, ಹಳ್ಳಿಯ ಹೊಲಮನೆ ಅಣ್ಣತಮ್ಮಂದಿರಿಗೆ ಬಿಟ್ಟು ಮಕ್ಕಳ ಓದಿಗಾಗಿ ಬಂದು ನೆಲೆಸಿದವರು ಇಲ್ಲಿ ಹೆಚ್ಚು. ಇವರ ನಡುವೆ ಸೈನ್ಯದಿಂದ ನಿವೃತ್ತರಾಗಿ ಬಂದು ಮನೆ ಕಟ್ಟಿಕೊಂಡವರೂ ಉಂಟೆಂಬುದು ಬಹುಕಾಲ ನಮ್ಮ ಗಮನಕ್ಕೆ ಬಂದಿರಲಿಲ್ಲ. ಗಮನಕ್ಕೆ ಬಂದದ್ದು ನಮ್ಮದೇ ಒಂದು ತಪ್ಪಿನಿಂದ.

ಕೆಲವು ವರ್ಷಗಳ ಹಿಂದೆ ಈ ನಗರದ ಒಂದು ಓಣಿಯಲ್ಲಿ ಶ್ರಾವಣ ಮಾಸದ ಪ್ರವಚನ ನಮ್ಮ ಪಾಲಿಗೆ ಬಂದಿತ್ತು. ಪೆಂಡಾಲಿನ ಬಲಬದಿಯಲ್ಲಿ, ಕಂಬದ ಪಕ್ಕಕ್ಕೆ, ಹನ್ನೊಂದು ಜನ ತಾಯಂದಿರು ದಿನಾಲೂ ಒಂದೇ ಸಾಲಿನಲ್ಲಿ ಕೂಡುತ್ತಿದ್ದರು. ಒಟ್ಟಿಗೆ ಬರುವರು, ಒಟ್ಟಿಗೆ ಏಳುವರು. ಒಬ್ಬರಿಗೆ ತಡವಾದರೆ ಉಳಿದವರು ಜಾಗ ಹಿಡಿದಿಟ್ಟಿರುವರು. ಹೇಳಿದ ವೇಳೆಗೆ ಐದು ನಿಮಿಷ ಮುಂಚೆಯೇ ಅವರು ಬಂದಿರುತ್ತಿದ್ದರು. ಪ್ರವಚನ ಹೇಳಬೇಕಾದ ನಾವೇ ಎರಡು ದಿನ ಅವರಿಗಿಂತ ಹಿಂದಾದದ್ದುಂಟು.

ಮಂಗಲದ ದಿನ ಉಡಿ ತುಂಬುವ ಕಾರ್ಯಕ್ರಮ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಬೇರು, ಕುಬಸ ಎಲ್ಲವೂ ಬುಟ್ಟಿಗಳಲ್ಲಿ ಸಿದ್ಧವಾಗಿದ್ದವು. ನಾವು ಧ್ವನಿವರ್ಧಕದ ಮುಂದೆ ನಿಂತು, “ಮುತ್ತೈದೆಯರೆಲ್ಲ ಮುಂದೆ ಬರಬೇಕು” ಎಂದು ಕರೆದೆವು. ಪೆಂಡಾಲಿಗೆ ಪೆಂಡಾಲೇ ಎದ್ದಿತು. ಆ ಹನ್ನೊಂದು ಜನರ ಸಾಲು ಮಾತ್ರ ಏಳಲಿಲ್ಲ. ಎರಡನೆಯ ಸಲ ಕರೆದೆವು. ಆಗಲೂ ಏಳಲಿಲ್ಲ. ಎಲ್ಲರೂ ಸೆರಗು ಸರಿಪಡಿಸಿಕೊಂಡು, ಕೈಕಟ್ಟಿ, ನೆಟ್ಟಗೆ ನಮ್ಮ ಕಡೆಗೇ ನೋಡುತ್ತ ಕುಳಿತಿದ್ದರು. ನಮಗೆ ಅದು ಬಿಗುಮಾನವೆಂದು ತೋರಿತು. ಮನಸ್ಸಿನಲ್ಲಿ ಸಣ್ಣ ಸಿಟ್ಟೂ ಬಂದಿತು.

ಪ್ರಸಾದವಾದ ಮೇಲೆ ಮನೆಯೊಡತಿಯನ್ನು ಕೇಳಿದೆವು. ಆ ತಾಯಿ ತಟ್ಟೆ ಎತ್ತುತ್ತಲೇ ಉತ್ತರ ಕೊಟ್ಟರು: “ಅವರು ಪಲ್ಟಣದವರ್ರೀ ಗುರುಗಳ. ಹನ್ನೊಂದು ಮಂದ್ಯಾಗ ಒಬ್ಬಾಕಿಗೆ ಗಂಡ ಇಲ್ಲ. ಗಡೀ ಮ್ಯಾಲ ತೀರಿಕೊಂಡಾನ. ಆಕಿನ್ನ ಒಬ್ಬಾಕಿನ್ನ ಕೂಡ್ರಿಸಿ ಉಳಿದವರು ಹೆಂಗ ಏಳ್ತಾರ್ರಿ?”

ಮೂವತ್ತು ದಿನ ಶರಣರು ಪಂಚಸೂತಕಗಳನ್ನು ಅಲ್ಲಗಳೆದ ಬಗೆಯನ್ನು ಆ ಪೆಂಡಾಲಿನಲ್ಲಿ ವಿವರಿಸಿದವರು ನಾವು. ಮರಣ ಸೂತಕವಿಲ್ಲವೆಂದು ಹೇಳಿದ ಬಾಯಿಂದಲೇ ಮೂವತ್ತನೆಯ ದಿನ, ಗಂಡ ಸತ್ತವಳು ಹಿಂದೆ ಉಳಿಯಲಿ ಎಂಬ ಕರೆ ಹೊರಟಿತ್ತು. ಆ ರಾತ್ರಿ ನಮಗೆ ನಿದ್ದೆ ಸರಿಯಾಗಿ ಬರಲಿಲ್ಲ. ಮರುದಿನ ಬೆಳಿಗ್ಗೆ ಮನೆಯೊಡತಿಯನ್ನೇ ಮುಂದೆ ಮಾಡಿಕೊಂಡು ಆ ತಾಯಂದಿರನ್ನು ಕಾಣಲು ಹೋದೆವು. ಹೋದದ್ದು ಕ್ಷಮೆ ಕೇಳಲು. ಅಲ್ಲಿಂದ ಮುಂದೆ ವರುಷ ವರುಷವೂ ಹೋಗುತ್ತಲೇ ಇದ್ದೇವೆ.

ಬೆಳಗಾವಿಯ ಮಂದಿಗೆ ಸೈನ್ಯ ಹೊಸದಲ್ಲ. ಮರಾಠಾ ಲಘು ಪದಾತಿ ದಳದ ತರಬೇತಿ ಕೇಂದ್ರ 1922ರಿಂದ ಇಲ್ಲಿದೆ. ಆ ದಳದ ಮೊದಲ ಬೆಟಾಲಿಯನ್ 1768ರಲ್ಲಿ ಮುಂಬಯಿಯಲ್ಲಿ ಕಟ್ಟಿದ್ದು. ಅದಕ್ಕೆ ಇಂದಿಗೂ ಜಂಗಿ ಪಲ್ಟನ್ ಎಂಬ ಹೆಸರು. ಕ್ಯಾಂಪಿನ ಕಡೆ ಹೋದರೆ ಶರ್ಕತ್ ಸ್ಮಾರಕ, 1945ರಲ್ಲಿ ಆರಂಭವಾದ ಮಿಲಿಟರಿ ಶಾಲೆ, ಭಕ್ತರು ಸೋಮವಾರಗಳಂದು ಸಾಲುಗಟ್ಟುವ ಮಿಲಿಟರಿ ಮಹಾದೇವನ ಗುಡಿ. ಸಾಂಬ್ರಾದಲ್ಲಿ ವಾಯುಪಡೆಯ ತರಬೇತಿ ಶಾಲೆ. ನಸುಕಿನಲ್ಲಿ ಬೆನ್ನಿಗೆ ಭಾರ ಹೊತ್ತು ಓಡುವ ಹುಡುಗರನ್ನು ಕಾಣದ ಬೆಳಗಾವಿಗನಿಲ್ಲ. ಆದರೆ ಆ ಹುಡುಗರು ಮದುವೆಯಾಗಿ ಕರೆತರುವ ಹೆಣ್ಣುಮಕ್ಕಳ ಬಾಳನ್ನು ನಾವು ಎಷ್ಟು ಜನ ನೋಡಿದ್ದೇವೆ?

ನಮ್ಮ ಸಮಾಜದ ಹುಡುಗರು ಮರಾಠಾ ದಳಕ್ಕಷ್ಟೇ ಅಲ್ಲ, ಮದ್ರಾಸ್ ರೆಜಿಮೆಂಟಿಗೂ, ಬೆಂಗಳೂರಿನ ಮದ್ರಾಸ್ ಇಂಜಿನಿಯರ್ ಗ್ರೂಪಿಗೂ, ತೋಪಖಾನೆಗೂ ಸೇರುತ್ತಾರೆ. ಬೈಲಹೊಂಗಲ, ಸವದತ್ತಿ, ಗೋಕಾಕಗಳ ಕಡೆಯ ಹೆಣ್ಣುಮಗಳು ಹತ್ತೊಂಬತ್ತೋ ಇಪ್ಪತ್ತೋ ವಯಸ್ಸಿಗೆ ಮದುವೆಯಾಗಿ, ವರ್ಷವೊಂದು ಅತ್ತೆಮನೆಯಲ್ಲಿದ್ದು, ಆಮೇಲೆ ಗಂಡನೊಡನೆ ಎರಡು ದಿನದ ರೈಲು ಪ್ರಯಾಣ ಮಾಡಿ ಪಠಾಣಕೋಟಿಗೋ ಜೋಧಪುರಕ್ಕೋ ಇಳಿಯುತ್ತಾಳೆ. ಭಾಷೆ ಬಾರದು. ರೊಟ್ಟಿಗೆ ಜೋಳದ ಹಿಟ್ಟು ಸಿಗದು. ಮೂರು ತಿಂಗಳಿಗೆ ಗಂಡ ‘ಫೀಲ್ಡಿಗೆ’ ಹೋಗುತ್ತಾನೆ. ಅಲ್ಲಿಗೆ ಹೆಂಡಿರು ಮಕ್ಕಳನ್ನು ಕರೆದೊಯ್ಯುವಂತಿಲ್ಲ. ಆಗ ಆಕೆಗೆ ಇರುವ ದಿಕ್ಕು ಒಂದೇ: ಪಕ್ಕದ ಕ್ವಾರ್ಟರಿನ ಬಾಗಿಲು.

ಆ ಬಾಗಿಲಿನ ಕಥೆಗಳನ್ನು ಕೇಳುತ್ತ ನಾವು ಒಂದು ಮಧ್ಯಾಹ್ನವನ್ನೆಲ್ಲ ಕಳೆದೆವು. ಹೊಸ ಸಂಸಾರ ಬಂದಿಳಿದ ದಿನ, ಬಿಳಿ ಬಣ್ಣದಲ್ಲಿ ನಂಬರು, ಹೆಸರು ಬರೆದ ಕಪ್ಪು ಟ್ರಂಕುಗಳು ಇನ್ನೂ ಅಂಗಳದಲ್ಲಿರುವಾಗಲೇ, ಅಕ್ಕಪಕ್ಕದವರಿಂದ ಚಹಾ, ಊಟ ಬರುತ್ತದೆ. ಒಲೆ ಹೂಡುವವರೆಗೆ ಆ ಮನೆಯವರು ಉಪವಾಸ ಬೀಳರು. ತಂದುಕೊಟ್ಟ ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸುವಂತಿಲ್ಲ. ಬೆಲ್ಲದ ತುಣುಕಾದರೂ ಅದರಲ್ಲಿರಬೇಕು. ಇದು ನಮ್ಮ ಹಳ್ಳಿಯ ರೀತಿಯೇ, ಆದರೆ ಇಲ್ಲಿ ಡಬ್ಬಿಯ ಆ ತುದಿಯಲ್ಲಿರುವವಳು ಪಂಜಾಬಿನವಳು, ಇಲ್ಲವೆ ಗಢವಾಲಿನವಳು, ಇಲ್ಲವೆ ತಮಿಳುನಾಡಿನವಳು. ಅವರಿಂದ ಇವರು ಲೋಹ್ರಿಯ ಬೆಂಕಿ ಕಲಿತರು, ಕರವಾ ಚೌಥಿನ ಜರಡಿಯಲ್ಲಿ ಚಂದ್ರನನ್ನು ನೋಡಿದರು. ಇವರಿಂದ ಅವರು ಹೋಳಿಗೆ, ಎಣ್ಣೆಗಾಯಿ, ದಸರೆಯಲ್ಲಿ ಬನ್ನಿ ಕೊಟ್ಟು ಬಂಗಾರದಂತಿರೋಣವೆಂದು ಹೇಳುವುದನ್ನು ಕಲಿತರು. ಪಂಚಮಿಗೆ ತವರಿಗೆ ಹೋಗಲಾಗದ ವರ್ಷ ಕ್ವಾರ್ಟರಿನ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದಾಗ ಸುಬೇದಾರರ ಹೆಂಡತಿಯೊಬ್ಬರು ಹಗ್ಗ ಹರಿದು ಬಿದ್ದ ಕಥೆಯನ್ನು ಹೇಳುತ್ತ ಹೇಳುತ್ತ ಎಲ್ಲರೂ ಕಣ್ಣೀರು ಬರುವಂತೆ ನಕ್ಕರು. ಹುತ್ತಕ್ಕೆ ಎರೆಯುವ ಹಾಲನ್ನು ಅಂದು ಅವರು ಮಕ್ಕಳಿಗೆ ಕುಡಿಸಿದ್ದರಂತೆ. ಯಾವ ಪ್ರವಚನ ಕೇಳಿಯೂ ಅಲ್ಲ. ಸುತ್ತಲೆಲ್ಲೂ ಹುತ್ತವಿರಲಿಲ್ಲ, ಅಷ್ಟೆ!

ಸೈನ್ಯವೂ ಈ ಕೂಟಗಳಿಗೊಂದು ಏರ್ಪಾಡು ಮಾಡಿದೆ. ಸೈನಿಕರ ಪತ್ನಿಯರ ಕ್ಷೇಮಕ್ಕಾಗಿ 1966ರಲ್ಲಿ ಹುಟ್ಟಿದ ಸಂಸ್ಥೆಯನ್ನು ‘ಆವಾ’ ಎಂಬ ಚಿಕ್ಕ ಹೆಸರಿನಿಂದ ಕರೆಯುತ್ತಾರೆ. ದಳದಳಕ್ಕೂ ಹೆಂಗಸರ ಸಭೆ ಕೂಡುತ್ತದೆ. ಇವರ ಬಾಯಲ್ಲಿ ಅದು ‘ವೆಲ್ಫೇರ್’. ಹೊಲಿಗೆ, ಅಡುಗೆ, ಮಕ್ಕಳ ಆರೋಗ್ಯದ ಮಾತು, ಹಾಡು, ತಂಬೋಲಾ ಆಟ ಎಲ್ಲ ಅಲ್ಲಿ ನಡೆಯುತ್ತವೆ. ಹೊಸದಾಗಿ ಬಂದವಳನ್ನು ಎಲ್ಲರ ಮುಂದೆ ನಿಲ್ಲಿಸಿ ಪರಿಚಯಿಸುತ್ತಾರೆ. ವರ್ಗವಾಗಿ ಹೋಗುವವಳಿಗೆ ಬೀಳ್ಕೊಡುಗೆಯುಂಟು. ದಳದ ದೊಡ್ಡ ದಿನಗಳಲ್ಲಿ ‘ಬಡಾ ಖಾನಾ’. ಅಧಿಕಾರಿಯಿಂದ ಹಿಡಿದು ಸಿಪಾಯಿಯವರೆಗೆ ಅಂದು ಒಂದೇ ಊಟ. ಸರ್ವಧರ್ಮ ಸ್ಥಳವೆಂಬ ಪೂಜಾಮಂದಿರವಿದ್ದು, ಅದಕ್ಕೊಬ್ಬ ಧರ್ಮಗುರುವೂ ಇರುತ್ತಾನೆ. ನಮ್ಮಂಥವರಿಗೂ ಸೈನ್ಯದಲ್ಲಿ ಹುದ್ದೆಯಿರುವುದು ನಮಗೆ ಹೊಸ ಸುದ್ದಿ.

ಎಲ್ಲವೂ ಚೆಂದವೆಂದು ನಾವು ಬರೆಯಲಾರೆವು. ಆ ಸಭೆಗಳಲ್ಲಿ ಗಂಡನ ದರ್ಜೆಯೇ ಹೆಂಡತಿಯ ದರ್ಜೆ. ಮೇಮ್‌ಸಾಬರಿಗೆ ಸೋಫಾ, ಸಿಪಾಯಿಯ ಹೆಂಡತಿಗೆ ಹಿಂದಿನ ಕುರ್ಚಿ. ಸಭೆಗೆ ಬರಲು ಮನಸ್ಸಿಲ್ಲದಿದ್ದರೂ ಬರಬೇಕಾಗುತ್ತಿತ್ತೆಂದು ಒಬ್ಬರು ಮೆಲ್ಲಗೆ ಹೇಳಿದರು. ನಿವೃತ್ತರಾಗಿ ಊರಿಗೆ ಬಂದ ಮೇಲೆಯೂ ಇವರು ಒಬ್ಬರನ್ನೊಬ್ಬರು ‘ಸುಬೇದಾರ ವೈನಿ’, ‘ಹವಾಲ್ದಾರ ವೈನಿ’ ಎಂದೇ ಕರೆಯುತ್ತಾರೆ. ಹುಟ್ಟಿದಾಗ ತಂದೆತಾಯಿ ಇಟ್ಟ ಹೆಸರು ಮದುವೆಯಲ್ಲಿ ಒಮ್ಮೆ ಬದಲಾಯಿತು. ಆ ಹೆಸರನ್ನೂ ಗಂಡನ ತೋಳಿನ ಪಟ್ಟಿ ನುಂಗಿತು. ಶರಣೆಯರು ತಮ್ಮ ಕಾಯಕದಿಂದ ಹೆಸರಾದವರೆಂದು ನಾವು ಹೇಳಹೊರಟಾಗ ಹವಾಲ್ದಾರ ವೈನಿ ನಕ್ಕರು: “ಇಲ್ಲಿ ಬಂದ ಮ್ಯಾಲ ಬರೇ ಕರೆಯೂದಷ್ಟ ಉಳದೈತ್ರೀ ಗುರುಗಳ. ಸುಬೇದಾರ ವೈನೀನ ದಿನಾ ನಮಗ ಚಹಾ ಕಾಸ್ತಾರ.” ನಾವು ಸುಮ್ಮನಾದೆವು.

ಈ ಸ್ನೇಹದ ನಿಜವಾದ ಬೆಲೆ ನಮಗೆ ತಿಳಿದದ್ದು ಎರಡು ಸಾಮಾನ್ಯ ಸಂಗತಿಗಳಿಂದ. ಒಂದು, ಕಾಗದ. ಸಿಪಾಯಿ ಮದುವೆಯಾದರೆ, ಅವನಿಗೆ ಮಗುವಾದರೆ, ಅದು ‘ಪಾರ್ಟ್ ಟೂ ಆರ್ಡರ್’ ಎಂಬ ದಾಖಲೆಯಲ್ಲಿ ಏರಬೇಕು. ಏರದಿದ್ದರೆ ನಾಳೆ ಕುಟುಂಬ ಪಿಂಚಣಿಯ ಪ್ರಶ್ನೆ ಬಂದಾಗ ಹೆಂಡತಿ ತಾನು ಹೆಂಡತಿಯೆಂದು ಸಾಧಿಸುತ್ತ ಅಲೆಯಬೇಕು. ನಮ್ಮ ಭಾಗದಲ್ಲಿ ಸೊಸೆಯ ಹೆಸರು ಬದಲಾಯಿಸುವ ರೂಢಿಯಿರುವುದರಿಂದ ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು, ಸೈನ್ಯದ ಪುಸ್ತಕದಲ್ಲಿ ಮತ್ತೊಂದು. ಹೊಸದಾಗಿ ಬಂದ ಹುಡುಗಿಗೆ ಹಿರಿಯ ವೈನಿ ಊರು, ತವರು ಕೇಳಿದ ಮೇಲೆ ಕೇಳುವ ಮೂರನೆಯ ಪ್ರಶ್ನೆಯೇ ಇದು: “ನಿನ್ನ ಹೆಸರು ಪಾರ್ಟ್ ಟೂದಾಗ ಏರೈತೇನವಾ?” ಈಚಿನ ವರ್ಷಗಳಲ್ಲಿ ಪಿಂಚಣಿಯೆಲ್ಲ ‘ಸ್ಪರ್ಶ್’ ಎಂಬ ಕಂಪ್ಯೂಟರ್ ವ್ಯವಸ್ಥೆಗೆ ಬಂದ ಮೇಲೆ ವರ್ಷಕ್ಕೊಮ್ಮೆ ಬದುಕಿರುವ ಪ್ರಮಾಣಪತ್ರ ಕೊಡಬೇಕು. ಬೆರಳಚ್ಚು ಸವೆದ ಮುದುಕಿಯರನ್ನು ಕೈಹಿಡಿದು ಕರೆದೊಯ್ದು ಆ ಕೆಲಸ ಮಾಡಿಸುವವರು ಇವರೇ.

ಇನ್ನೊಂದು, ಭಿಶಿ. ಬೆಳಗಾವಿಯ ಓಣಿಗಳಲ್ಲಿ ಭಿಶಿ ಹೂಡದ ಹೆಂಗಸರಿಲ್ಲ. ಪ್ರತಿ ತಿಂಗಳು ಎಲ್ಲರೂ ಸಮನಾಗಿ ಹಣ ಹಾಕಿ, ಚೀಟಿ ಎತ್ತಿ, ಹೆಸರು ಬಂದವಳಿಗೆ ಒಟ್ಟು ಹಣ ಕೊಡುವ ಪದ್ಧತಿ ನಮ್ಮ ಓದುಗ ತಾಯಂದಿರಿಗೆ ಗೊತ್ತೇ ಇದೆ. ಈ ಹನ್ನೊಂದು ಜನರ ಭಿಶಿಯಲ್ಲಿ ಒಂದು ನಿಯಮ ಹೆಚ್ಚಿನದು: ಯಾರಿಗೆ ಅಡಚಣೆಯೋ ಅವರ ಹೆಸರು ಮೊದಲು, ಚೀಟಿ ಆಮೇಲೆ. ತಮ್ಮ ನಡುವಿನ ಒಬ್ಬಾಕೆಯ ಗಂಡ ತೀರಿದ ವರ್ಷ, ಪಿಂಚಣಿಯ ಕಾಗದ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುವ ತನಕ, ಎಲ್ಲರೂ ತಮ್ಮ ಸರದಿಯನ್ನು ಸಾಲಾಗಿ ಆಕೆಗೆ ಬಿಟ್ಟರು. ಲೆಕ್ಕದ ವಹಿಯಲ್ಲಿ ಅದು ಸಾಲವೆಂದೂ ಇಲ್ಲ, ದಾನವೆಂದೂ ಇಲ್ಲ. ಆಕೆಯ ಹೆಸರು ಮೇಲಿಂದ ಮೇಲೆ ಬರೆದಿದೆ, ಅಷ್ಟೆ. ದಾಸೋಹದ ಬಗ್ಗೆ ಎಷ್ಟೋ ಪುಟ ಬರೆದ ನಾವು ಆ ವಹಿಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದೆವು.

ಸಾವಿನ ಸುದ್ದಿ ಯಾವ ಮನೆಗೆ ಬರುವುದೋ ತಿಳಿಯದ ದಿನಗಳಲ್ಲಿ ಇವರೆಲ್ಲ ಒಂದೇ ಮನೆಯಲ್ಲಿ ಮಲಗಿದ್ದುಂಟು. 1999ರ ಬೇಸಿಗೆಯಲ್ಲಿ ಕಾರ್ಗಿಲ್ ಯುದ್ಧ ನಡೆದಾಗ ಇವರಲ್ಲಿ ಹಿರಿಯರಾದವರು ಉತ್ತರದ ಒಂದು ಛಾವಣಿಯಲ್ಲಿದ್ದರು. ‘56 ಎ.ಪಿ.ಓ.’ ಎಂಬ ವಿಳಾಸಕ್ಕೆ ಕಾಗದ ಬರೆಯುವುದು, ಉತ್ತರ ಬಂದರೆ ಅದನ್ನು ಎಲ್ಲರೂ ಓದುವುದು. ಒಬ್ಬಳಿಗೆ ಬಂದ ಕಾಗದದಲ್ಲಿ ಹತ್ತು ಮನೆಯ ಗಂಡಸರು ಕ್ಷೇಮವೆಂಬ ಒಂದು ಸಾಲಿರುತ್ತಿತ್ತು. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ 10 ಜನ ಸಿಲುಕಿದಾಗ, ಧಾರವಾಡ ಜಿಲ್ಲೆಯ ಕುಂದಗೋಳ ತಾಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರು ಆರು ದಿನಗಳ ಮೇಲೆ ಜೀವಂತವಾಗಿ ಸಿಕ್ಕ ಸುದ್ದಿ ನಾಡಿಗೆಲ್ಲ ಗೊತ್ತು. ಮಹಾಂತೇಶ ನಗರದ ಈ ಮನೆಗಳಲ್ಲಿ ಅಂದು ಒಲೆ ಸರಿಯಾಗಿ ಹತ್ತಲಿಲ್ಲ. ಎಲ್ಲರೂ ಟಿ.ವಿ. ಮುಂದೆ ಕೂಡಿ ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದು ಕುಳಿತರಂತೆ. ಫೆಬ್ರವರಿ 11ರಂದು ದೆಹಲಿಯ ಸೈನಿಕ ಆಸ್ಪತ್ರೆಯಲ್ಲಿ ಆ ಜೀವ ಹೋಯಿತು. “ನಮಗ ಅವರು ಗುರ್ತಿನವರಲ್ಲ,” ಎಂದರು ನಾಯಕ ವೈನಿ, “ಆದ್ರ ಆ ಮನೀ ಹೆಣಮಗಳು ಹೆಂಗ ಕುಂತಿದ್ಲು ಅನ್ನೂದು ನಮಗ ಗೊತ್ತಿತ್ರಿ.”

ಸೈನ್ಯದಲ್ಲಿ ಹುತಾತ್ಮನ ಹೆಂಡತಿಯನ್ನು ‘ವೀರ ನಾರಿ’ ಎಂದು ಕರೆದು ಸಮಾರಂಭಗಳಲ್ಲಿ ಮುಂದೆ ಕೂಡಿಸುತ್ತಾರೆ. ಅದು ಬರಿಯ ಶಿಷ್ಟಾಚಾರವೆನ್ನುವವರೂ ಉಂಟು. ಇರಬಹುದು. ಆದರೆ ಆ ಶಿಷ್ಟಾಚಾರವನ್ನು ಹತ್ತಿಪ್ಪತ್ತು ವರ್ಷ ಕಣ್ಣಾರೆ ಕಂಡ ಈ ತಾಯಂದಿರಿಗೆ, ಗಂಡನನ್ನು ಕಳೆದುಕೊಂಡವಳು ಹಿಂದೆ ನಿಲ್ಲಬೇಕೆಂಬ ನಮ್ಮ ರೂಢಿ ವಿಚಿತ್ರವಾಗಿ ಕಂಡಿತು. ಸರಕಾರದ ನಿಯಮಗಳು ಬಹುಕಾಲ ಬೇರೆ ದಾರಿಯಲ್ಲಿದ್ದವೆಂಬುದನ್ನೂ ಹೇಳಬೇಕು. ಶೌರ್ಯ ಪದಕ ಪಡೆದವನ ವಿಧವೆ ಮರುಮದುವೆಯಾದರೆ ಪದಕದ ಭತ್ಯೆ ನಿಲ್ಲುತ್ತಿತ್ತು. ಗಂಡನ ಸೋದರನನ್ನೇ ಮದುವೆಯಾದರೆ ಮಾತ್ರ ಮುಂದುವರಿಯುತ್ತಿತ್ತು. ಆ ಷರತ್ತು ಹೋದದ್ದು 2017ರಲ್ಲಿ. ಉಡಿಕೆಯ ಪದ್ಧತಿಯನ್ನು ಹಿಂದಿನಿಂದಲೂ ಕಂಡ ನಮ್ಮ ಒಕ್ಕಲು ಮನೆತನಗಳಿಗೆ ಇದು ತಡವಾಗಿ ಬಂದ ಬುದ್ಧಿಯೆಂದೇ ತೋರೀತು. ಆದರೂ ಉಡಿಕೆಯಾದವಳನ್ನೇ ಮಂಗಲಕಾರ್ಯಗಳಿಂದ ದೂರವಿಟ್ಟವರೂ ನಾವೇ ತಾನೆ?

ಅಂದಿನಿಂದ ನಮ್ಮ ಕರೆ “ತಾಯಂದಿರೆಲ್ಲ ಮುಂದೆ ಬರಬೇಕು” ಎಂದಾಗಿದೆ. ಎಲ್ಲ ಊರಲ್ಲಿಯೂ ಇದು ಒಪ್ಪಿತವಾಯಿತೆಂದು ಭಾವಿಸಬೇಡಿರಿ. ಎರಡು ಊರಿನವರು ಮರುವರ್ಷ ನಮ್ಮನ್ನು ಪ್ರವಚನಕ್ಕೆ ಕರೆಯಲಿಲ್ಲ.

ಆ ಹನ್ನೊಂದನೆಯ ತಾಯಿ ಯಾರೆಂಬುದು ತಿಳಿದಾಗ ನಮಗೆ ಇನ್ನೂ ಆಶ್ಚರ್ಯವಾಯಿತು. ಆಕೆ ನಮ್ಮ ಸಮಾಜದವಳಲ್ಲ. ಖಾನಾಪುರ ತಾಲೂಕಿನ ಮರಾಠಾ ಮನೆತನದ ಹೆಣ್ಣುಮಗಳು. ಗಂಡ ತೀರಿದ ಮೇಲೆ ಮಕ್ಕಳ ಓದಿಗೆಂದು ಈ ಗೆಳತಿಯರೇ ಮಹಾಂತೇಶ ನಗರದಲ್ಲಿ ಎರಡು ಕೋಣೆ ಹಿಡಿದುಕೊಟ್ಟಿದ್ದರು. ತಿಂಗಳುಗಟ್ಟಲೆ ನಮ್ಮ ಕನ್ನಡ ಪ್ರವಚನವನ್ನು ಕೇಳಿ, ತಿಳಿಯದ ಮಾತನ್ನು ಪಕ್ಕದವರಿಂದ ಕೇಳಿ ತಿಳಿದು, ಆಕೆ ಬಸವಣ್ಣನವರ ಚರಿತ್ರೆಯನ್ನು ಮನೆಗೆ ಒಯ್ದಿದ್ದರು. ಗಡಿಯ ಜಗಳದಲ್ಲಿ ಈ ಊರಿನ ಬಸ್ಸುಗಳಿಗೆ ಎಷ್ಟು ಸಲ ಮಸಿ ಬಿದ್ದಿದೆಯೋ! ಆ ದಿನಗಳಲ್ಲಿಯೂ ಇವರ ಭಿಶಿ ತಪ್ಪಿಲ್ಲ. ಛಾವಣಿಯಲ್ಲಿ ಹಿಂದಿಯಲ್ಲಿ ಮಾತಾಡುತ್ತಿದ್ದವರು ಇಲ್ಲಿ ಬಂದ ಮೇಲೆ ಒಬ್ಬರ ನುಡಿಯನ್ನು ಒಬ್ಬರು ಕಲಿತಿದ್ದಾರೆ. ಸಿಟ್ಟು ಬಂದಾಗ ಮಾತ್ರ ಮತ್ತೆ ಹಿಂದಿಯಂತೆ.

ಮಕ್ಕಳ ಓದು ಮುಗಿದು ಆಕೆ ಈಗ ಹಳ್ಳಿಗೆ ಮರಳಿ ಮುಪ್ಪಿನ ಅತ್ತೆಯನ್ನು ನೋಡಿಕೊಂಡಿದ್ದಾರೆ. ಕಳೆದ ಶ್ರಾವಣದಲ್ಲಿ ಭಿಶಿ ಅವರ ಮನೆಯಲ್ಲಿ ಎಂದು ನಿಶ್ಚಯವಾದಾಗ ನಮ್ಮನ್ನೂ ಟೆಂಪೋದಲ್ಲಿ ಕೂಡಿಸಿಕೊಂಡರು. ಬೆಳಗಾವಿಯಿಂದ ಖಾನಾಪುರಕ್ಕೆ ಸುಮಾರು 26 ಕಿಲೋಮೀಟರು. ಪೀರನವಾಡಿ, ಮಚ್ಛೆ ದಾಟುತ್ತಲೇ ಮಳೆಯ ಬಣ್ಣ ಬದಲಾಗುತ್ತದೆ. ಬಯಲುಸೀಮೆಯ ಹನಿ ಹೋಗಿ ಸಹ್ಯಾದ್ರಿಯ ಜಡಿ ಹಿಡಿಯುತ್ತದೆ. ಗದ್ದೆಗಳಲ್ಲಿ ಕೊಪ್ಪೆ ಹೊದ್ದ ಹೆಂಗಸರು ಬಾಗಿ ನಿಂತಿದ್ದರು. ಖಾನಾಪುರದ ಹಂಚು, ಮಡಕೆಗಳ ಮಣ್ಣು ಕೆಂಪಾಗಿ ರಸ್ತೆಗೆ ಹರಿದಿತ್ತು. ಸೇತುವೆಯ ಕೆಳಗೆ ಮಲಪ್ರಭೆ ತುಂಬಿ ಹರಿಯುತ್ತಿದ್ದಳು. ಕಣಕುಂಬಿಯಲ್ಲಿ ಹುಟ್ಟಿ ಇದೇ ತಾಲೂಕಿನಲ್ಲಿ ಬಾಲ್ಯ ಕಳೆಯುವ ಹೊಳೆ. ಹಾದಿಯಲ್ಲಿ ನಂದಗಡಕ್ಕೂ ಹೋದೆವು. 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ಊರದು. ಸಮಾಧಿಯ ಬಳಿ ಮಕ್ಕಳ ಫಲ ಬೇಡಿ ಹರಕೆಯ ತೊಟ್ಟಿಲು ಕಟ್ಟುತ್ತಾರೆ. ಸುಬೇದಾರ ವೈನಿ ಅವನ್ನು ನೋಡುತ್ತ ನಿಂತಿದ್ದು, “ಸೈನಿಕನ ಹತ್ರ ಬಂದು ಕೂಸು ಬೇಡ್ತೀವಿ, ಆ ಕೂಸಿನ್ನ ಮತ್ತ ಸೈನ್ಯಕ್ಕ ಕೊಡ್ತೀವಿ” ಎಂದರು. ಅವರ ಮೊಮ್ಮಗ 2022ರಲ್ಲಿ ಬಂದ ಹೊಸ ಪದ್ಧತಿಯಲ್ಲಿ ನಾಲ್ಕು ವರ್ಷದ ಅಗ್ನಿವೀರನಾಗಿ ಹೋಗಿದ್ದಾನೆ. ನಾಲ್ಕು ವರ್ಷಕ್ಕೆ ಗೆಳೆತನ ಕೂಡೀತೇ ಎಂಬುದು ಆ ತಾಯಿಯ ಚಿಂತೆ; ಪಿಂಚಣಿಯ ಮಾತನ್ನು ಅವರು ಎತ್ತಲಿಲ್ಲ.

ಮನೆ ಊರ ಕೊನೆಗೆ, ಹಲಸಿನ ಮರದ ಕೆಳಗೆ. “ಬಸಾ, ಬಸಾ” ಎನ್ನುತ್ತ ಮುದಿ ಅತ್ತೆ ಚಾಪೆ ಹಾಸಿದರು. ಗೋಡೆಯ ಮೇಲೆ ಸಮವಸ್ತ್ರದ ಮಗನ ಪಟ, ಅದಕ್ಕೆ ಗಂಧದ ಹಾರ. ಭಿಶಿಯ ಲೆಕ್ಕ ಮುಗಿದ ಮೇಲೆ ಗೆಳತಿಯರು ತಂದ ಚೀಲ ಬಿಚ್ಚಿದರು. ಅಕ್ಕಿ, ಕೊಬ್ಬರಿ, ಉತ್ತತ್ತಿ, ಹಸಿರು ಕುಬಸ. ಅತ್ತೆಯ ಮುಖ ಚಿಕ್ಕದಾಯಿತು. ಅವರಲ್ಲಿಯೂ ಓಟಿ ತುಂಬುವುದು ಮುತ್ತೈದೆಗೆ ಮಾತ್ರ. ಅಜ್ಜಿ ಏನನ್ನೂ ಹೇಳದೆ ಎದ್ದು ಒಳಗೆ ಹೋದರು. ಯಾರೂ ಮಾತಾಡಲಿಲ್ಲ. ಹವಾಲ್ದಾರ ವೈನಿ ಎತ್ತಿದ ಕೈಯನ್ನು ಹಾಗೆಯೇ ಇಳಿಸಿದರು. ಸೊಸೆ ಪಟದ ಕಡೆಗೂ ನೋಡದೆ, ನಮ್ಮ ಕಡೆಗೂ ನೋಡದೆ ನೆಲ ನೋಡುತ್ತಿದ್ದರು. ಏನಾದರೂ ಹೇಳಬೇಕೆಂದು ನಾವು ಬಾಯಿ ತೆರೆದೆವು. ಸುಬೇದಾರ ವೈನಿ ಕಣ್ಣಿನಲ್ಲಿಯೇ ಬೇಡವೆಂದರು.

ಅಜ್ಜಿ ಹೊರಗೆ ಬಂದಾಗ ಕೈಯಲ್ಲಿ ಸೇರು ಇತ್ತು. ಮನೆಯ ಗದ್ದೆಯ ಅಕ್ಕಿ ತುಂಬಿದ್ದರು. ಸೊಸೆಯ ಮುಂದೆ ಕಷ್ಟಪಟ್ಟು ಮೊಣಕಾಲೂರಿ ಕುಳಿತು, ಸೆರಗು ಹಿಡಿಯೆಂದು ಸನ್ನೆ ಮಾಡಿ, ಮೊದಲಿನ ಮೂರು ಬೊಗಸೆ ತಾವೇ ಸುರಿದರು. ಆಮೇಲೆ ಸೇರನ್ನು ಹವಾಲ್ದಾರ ವೈನಿಯ ಕೈಗೆ ಕೊಟ್ಟರು. ಹತ್ತು ಜನರೂ ತುಂಬಿದರು. ಉಡಿ ಭಾರವಾಗಿ ಆಕೆಗೆ ಏಳಲು ಬಾರದಾದಾಗ ಇಬ್ಬರು ರಟ್ಟೆ ಹಿಡಿದು ಎಬ್ಬಿಸಿದರು. ಮಳೆ ಜೋರಾಯಿತು. ಟೆಂಪೋದವನು ಕತ್ತಲಾಗುವುದರೊಳಗೆ ಹೊಳೆ ದಾಟಬೇಕೆಂದು ಹಾರ್ನು ಹೊಡೆಯುತ್ತಿದ್ದ. ಎಲ್ಲರೂ ಚಪ್ಪಲಿ ಹುಡುಕುತ್ತಿರುವಾಗ ಆಕೆ ಉಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಬಾಗಿಲಿಗೆ ಬಂದು ಕೇಳಿದರು: “ಮುಂದಿನ ಭಿಶಿ ಯಾರ ಮನ್ಯಾಗ?”